ನೆಸ್ಟರ್ ಜಾಗ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಬಂತೆಂದರೆ ವೆಸ್ಟ್ ವರ್ಜೀನಿಯಾದ ಆ ಗುಡ್ಡಗಳಲ್ಲಿ ಶಾಲೆಗೂ ರಜೆ, ಮರದ ಮಿಲ್ಲಿಗೂ ಅರ್ಧ ರಜೆ. ಗಂಡಸರೆಲ್ಲ ಜಿಂಕೆ ಬೇಟೆಗೆ ಹೋಗುತ್ತಾರೆ, ಹೆಂಗಸರಲ್ಲೂ ಅರ್ಧದಷ್ಟು ಜನ ಹೋಗುತ್ತಾರೆ. ಮಾರ್ಲಾ ಕಾಟ್ರಿಲ್ ಹೋಗುವವಳಲ್ಲ. ಅವಳಿಗೆ ಆ ವಾರವೆಂದರೆ ಗಾಜಿನ ಜಾಡಿಗಳನ್ನು ಕುದಿಸಿ ಒಣಗಿಸುವುದು, ಚಾಕು ಮಸೆಯುವುದು, ಬೇಟೆಯ ಕೋಟುಗಳನ್ನೆಲ್ಲ ಜಗಲಿಯ ಮೊಳೆಗಳಿಗೆ ನೇತುಹಾಕುವುದು. ಸೀಸನ್ ಮುಗಿಯುವ ತನಕ ಆ ಕೋಟುಗಳು ಮನೆಯೊಳಗೆ ಬರುವಂತಿಲ್ಲ, ಅವಕ್ಕೆ ಸೋಪು ಸೋಕುವಂತಿಲ್ಲ. ಸೋಪಿನ ವಾಸನೆ ಜಿಂಕೆಗೆ ಅರ್ಧ ಮೈಲಿಯಿಂದಲೇ ಗೊತ್ತಾಗುತ್ತದಂತೆ. ಎಲ್ಲ ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒಗೆಯಬೇಕು. ಮದುವೆಯಾಗಿ ಬಂದ ವರ್ಷವೇ ಅತ್ತೆ ಓಪಲ್ ಹೇಳಿಕೊಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಮಗ ವೇಲನ್ ಪಿಕಪ್ ಗಾಡಿಯನ್ನು ಹಿಂದುಹಿಂದಕ್ಕೆ ತಂದು ಜಗಲಿಗೆ ಒತ್ತಿ ನಿಲ್ಲಿಸಿದಾಗ ಮಾರ್ಲಾ ಈರುಳ್ಳಿ ಹೆಚ್ಚುತ್ತಿದ್ದಳು. ಮೊದಲು ಹೊರಗೆ ಓಡಿದ್ದು ಮಗಳು ವಿಲ್ಲಾ.

"ಅಮ್ಮಾ, ಬಾ ಇಲ್ಲಿ. ಇದು ಜಿಂಕೆ ಅಲ್ಲ, ಕುದುರೆ ಇದು."

ಅಂಥ ಗಂಡು ಜಿಂಕೆಯನ್ನು ಆ ಮನೆಯವರಾರೂ ನೋಡಿರಲಿಲ್ಲ. ಕೊಂಬು ಹರಡಿದ ಅಗಲಕ್ಕೆ ಪಿಕಪ್ಪಿನ ಹಿಂಬಾಗಿಲು ಮುಚ್ಚಿರಲಿಲ್ಲ. ಎಡಗೊಂಬಿನ ಒಂದು ಕವಲು ಮಾತ್ರ ನಲ್ಲಿಯ ಮೂತಿಯ ಹಾಗೆ ಕೆಳಕ್ಕೆ ಬಾಗಿತ್ತು. ಓಪಲ್ ಕೋಲೂರಿಕೊಂಡು ಬಂದು ಆ ಕವಲನ್ನು ಮುಟ್ಟಿ ನೋಡಿದಳು.

"ನಿಮ್ಮಜ್ಜ ಇಡೀ ಜನ್ಮ ಇಂಥದ್ದೊಂದನ್ನ ಹುಡುಕ್ಕೊಂಡು ಅಲೆದ್ರು ಕಣೋ," ಅಂದಳು. "ಪಾಪ, ಮೊಲ ಹೊಡ್ಕೊಂಡು ಬರ್ತಿದ್ರು."

ಗಂಡ ರಾಯ್ಸ್ ಮಿಲ್ಲಿನಿಂದ ಬಂದವನು ಗಾಡಿಯ ಸುತ್ತ ಎರಡು ಸಲ ಸುತ್ತಿದ. ಅವನು ಹೊಗಳುವ ಮನುಷ್ಯನಲ್ಲ. ಮಗ ಹೈಸ್ಕೂಲು ಪಾಸಾದ ದಿನವೂ "ಸರಿ, ಗಾಡಿಗೆ ಆಯಿಲ್ ಬದಲಾಯಿಸು" ಅಂದವನು. ಅಂಥವನು ವೇಲನ್‌ನ ಹೆಗಲ ಮೇಲೆ ಕೈಯಿಟ್ಟ, ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ.

"ಎಲ್ಲಿ ಸಿಕ್ತು?"

"ನೆಸ್ಟರ್ ಜಾಗದಲ್ಲಿ. ಮಿಸ್ ಫರ್ನ್ ಕೊಟ್ಟ ಒಪ್ಪಿಗೆ ಚೀಟಿ ಜೇಬಲ್ಲೇ ಇದೆ."

"ಕೊಟ್ಟಿದ್ದು ಅವಳು, ಕೊಡಿಸಿದ್ದು ನಾನು," ಅಂದಳು ಓಪಲ್. "ಬೆನ್ನಿನ ಮಾಂಸ ಮೊದಲು ಅವಳ ಮನೆಗೆ ಹೋಗ್ಲಿ. ನೆಲದವರ ಪಾಲು ಅದು."

ವಿಲ್ಲಾ ಫೋಟೋ ತೆಗೆದು ಆಗಲೇ ಫೋನಿನಲ್ಲಿ ಹಾಕಿಯೂ ಬಿಟ್ಟಿದ್ದಳು. ಮಾರ್ಲಾ ಸೇಬಿನ ಪೈ ಕತ್ತರಿಸಿ ತಂದಳು. ವೇಲನ್ ಒಂದು ಚೂರು ತಿಂದು ತಟ್ಟೆ ಕೆಳಗಿಟ್ಟ. ದಣಿದಿರಬೇಕು ಅಂದುಕೊಂಡಳು. ಅವನು ಕೋಟು ಕಳಚಿ, ಒಳಮೈ ಹೊರಗೆ ಮಾಡಿ, ತಾನೇ ಮೊಳೆಗೆ ಸಿಕ್ಕಿಸಿದ. ಅದೂ ದಣಿವೇ ಇರಬೇಕು. ಬೇರೆ ದಿನ ನೆಲದ ಮೇಲೆ ಬಿಸಾಡುತ್ತಿದ್ದ.

ಮರುದಿನ ಇಡೀ ಮನೆ ಮಾಂಸದ ಹಬೆಯಲ್ಲಿತ್ತು. ಮಾರ್ಲಾ ತುಂಡು ಮಾಡುವುದು, ಓಪಲ್ ಜಾಡಿಗೆ ತುಂಬಿ ಉಪ್ಪು ಹಾಕುವುದು, ದೊಡ್ಡ ಕುಕ್ಕರಿನ ಮುಳ್ಳು ನೋಡುತ್ತ ವಿಲ್ಲಾ ಪಾಠ ಓದುವ ನಾಟಕ ಮಾಡುವುದು. ಮಧ್ಯಾಹ್ನದ ಹೊತ್ತಿಗೆ ಬೇಟೆ ಇಲಾಖೆಯ ಜೀಪು ಬಂತು. ಹಾರ್ಮನ್ ಎಂಬ ಅಧಿಕಾರಿ ಟೋಪಿ ತೆಗೆದು ಒಳಗೆ ಬಂದ. ಮಾರ್ಲಾ ಕಾಫಿ ಕೊಟ್ಟಳು. ಅವನು ಕುಡಿದು, ಬಟ್ಟಲು ಪಕ್ಕಕ್ಕಿಟ್ಟು, ಜಿಂಕೆಯ ತಲೆ ಎಲ್ಲಿದೆ ಎಂದು ಕೇಳಿದ.

"ಷೆಡ್ಡಲ್ಲಿ," ಅಂದ ವೇಲನ್. "ಯಾಕ್ ಸರ್?"

"ಲೆನ್ ಕೊವಾಲ್ಚಿಕ್ ಅವರು ದೂರು ಕೊಟ್ಟಿದ್ದಾರಪ್ಪ. ತಮ್ಮ ಕಾಡಲ್ಲಿ ಕೇಳದೆ ಹೊಡೆದಿದ್ದು ಅಂತ. ಹೋದ ವರ್ಷದಿಂದ ಆ ಜಿಂಕೆ ಅವರು ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿದೆ. ಬಾಗಿದ ಕವಲು ನೋಡಿ, ಫೋಟೋದಲ್ಲಿ ಗುರುತು ಹಿಡಿದ್ರು."

ವಿಲ್ಲಾ ಪುಸ್ತಕ ಮುಚ್ಚಿದಳು.

"ನಾನು ಹೊಡೆದಿದ್ದು ಮಿಸ್ ಫರ್ನ್ ಜಾಗದಲ್ಲಿ. ಬರೆದು ಕೊಟ್ಟಿದ್ದಾರೆ, ನೋಡಿ."

ಹಾರ್ಮನ್ ಚೀಟಿ ಓದಿದ. ಫರ್ನ್ ಹಪ್‌ಗೆ ಕಣ್ಣು ಮಂಜು, ಆದ್ದರಿಂದ ಬರೆದದ್ದು ಓಪಲ್, ಸಹಿ ಮಾತ್ರ ಫರ್ನ್‌ಳದು. ನೆಸ್ಟರ್ ಜಾಗದಲ್ಲಿ ಬೇಟೆಯಾಡಲು ವೇಲನ್ ಕಾಟ್ರಿಲ್‌ಗೆ ನನ್ನ ಒಪ್ಪಿಗೆ ಇದೆ. ಅಷ್ಟೆ.

"ಸರಿ ಇದೆ. ಆದ್ರೆ ರಕ್ತ, ಕರುಳು ಎಲ್ಲ ಬಿದ್ದಿರೋದು ಹಳ್ಳದ ಪಕ್ಕ, ಕೊವಾಲ್ಚಿಕ್ ಕಾಡಲ್ಲಿ."

"ಅದೇ ನೆಸ್ಟರ್ ಜಾಗ ಅಲ್ವಾ?"

ಓಪಲ್ ಉಪ್ಪಿನ ಚಮಚ ಕೆಳಗಿಟ್ಟಳು. "ಅದಲ್ಲ ಕಣೋ. ನೆಸ್ಟರ್ ಜಾಗ ಅಂದ್ರೆ ಗುಡ್ಡದ ಮೇಲಿಂದು, ಫರ್ನ್‌ದೇ ಈಗ್ಲೂ. ಮುದುಕ ನೆಸ್ಟರ್ ಕುರಿ ಕಟ್ಟಿದ್ನಲ್ಲ, ಅದು."

"ಅಜ್ಜಿ, ಯಾವ ಕುರಿ? ಗುಡ್ಡದ ಮೇಲೆ ಯಾರೂ ಇಲ್ಲ. ಟ್ರಾವಿಸ್ ನೆಸ್ಟರ್ ಇದ್ದಿದ್ದು ಹಳ್ಳದ ಹತ್ರ, ಮಿಸ್ ಫರ್ನ್ ಬಾಡಿಗೆ ಮನೇಲಿ. ನಾನು ಐದನೇ ಕ್ಲಾಸಿಂದ ಅಲ್ಲೇ ಬಾಲ್ ಆಡಿದ್ದು."

"ಅದು ಮೊನ್ನೆ ಮೊನ್ನೆ ಮಾತು. ಕುರಿ ಕಟ್ಟಿದ್ದು ನನ್ನ ಮದುವೆಗೆ ಮುಂಚೆ."

ಆ ಊರಲ್ಲಿ ಯಾವ ಜಾಗಕ್ಕೂ ಈಗಿನ ಒಡೆಯರ ಹೆಸರಿಲ್ಲ. ಇವರ ಮನೆಯೇ ಊರಿನವರ ಬಾಯಲ್ಲಿ ಇನ್ನೂ ಹಾರ್ಪರ್ ಜಾಗ. ಇವರು ಬಂದು ಮೂವತ್ತು ವರ್ಷವಾದರೂ ಅದು ಬದಲಾಗಿಲ್ಲ. ಎರಡು ಕಡೆ ನೆಸ್ಟರ್‌ಗಳಿದ್ದರೆಂದು ಎರಡು ನೆಸ್ಟರ್ ಜಾಗ, ಅಜ್ಜಿಗೊಂದು, ಮೊಮ್ಮಗನಿಗೊಂದು. ಫರ್ನ್‌ಗೂ ಓಪಲ್‌ಗೂ ಒಂದೇ ವಯಸ್ಸು, ಆದ್ದರಿಂದ ಯಾವುದೆಂದು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಹಳ್ಳದ ಪಕ್ಕದ್ದನ್ನ ಫರ್ನ್ ಅವರು ಹೋದ ವರ್ಷವೇ ಕೊವಾಲ್ಚಿಕ್ ಅವರಿಗೆ ಮಾರಿದ್ದಾರೆ," ಅಂದ ಹಾರ್ಮನ್. "ಮನೆ, ಹಿಂದಿನ ಕಾಡು, ಎರಡೂ."

"ಮನೆ ಮಾತ್ರ ಅಂದ್ಕೊಂಡಿದ್ದೆ ಸರ್."

"ಇರಬಹುದು. ತಪ್ಪು ತಿಳಿದು ಹೋಗೋದು ಬೇರೆ, ಗುರುತು ನೋಡಿಯೂ ಹೋಗೋದು ಬೇರೆ. ಮೊದಲನೇದಾದ್ರೆ ಜಡ್ಜು ಒಂದು ಮಾತು ಹೇಳಿ ಕಳಿಸ್ತಾರೆ. ಎರಡನೇದಾದ್ರೆ ಕಳ್ಳಬೇಟೆ. ಲೈಸೆನ್ಸು ಹೋಗುತ್ತೆ, ಪೇಪರಲ್ಲಿ ಹೆಸರು ಬರುತ್ತೆ." ಅವನು ವೇಲನ್‌ನ ಮುಖ ನೋಡಿದ. "ಸೀಸನ್ನಿಗೆ ಮುಂಚೆ ಶನಿವಾರವೇ ಹಳ್ಳದ ಕಡೆ ಮರಗಳಿಗೆಲ್ಲ ನೇರಳೆ ಪಟ್ಟೆ ಬಳಿದೆ ಅಂತಾರೆ ಅವರು. ನೀನು ನೋಡಿದೆಯಾ?"

ನೇರಳೆ ಪಟ್ಟೆ ಬಳಿದ ಮರವೆಂದರೆ ಒಳಗೆ ಬರಬೇಡಿ ಎಂಬ ಬೋರ್ಡಿಗೆ ಸಮ. ಬೋರ್ಡನ್ನಾದರೆ ಕಿತ್ತು ಹಳ್ಳಕ್ಕೆ ಎಸೆಯುತ್ತಾರೆ, ಮರವನ್ನು ಎಸೆಯಲಾಗುವುದಿಲ್ಲ. ಅಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಇದು ಗೊತ್ತು.

"ಇರ್ಲಿಲ್ಲ ಸರ್," ಅಂದ ವೇಲನ್. "ಒಂದು ಪಟ್ಟೇನೂ ಇರ್ಲಿಲ್ಲ."

ಹಾರ್ಮನ್ ಬರೆದುಕೊಂಡ. ಕೊಂಬಿನ ತಲೆಯನ್ನೂ, ತಣ್ಣಗಾಗುತ್ತಿದ್ದ ಜಾಡಿಗಳನ್ನೂ ಜೀಪಿಗೆ ತುಂಬಿಕೊಂಡ. ಜಾಡಿಗಳನ್ನು ಮಾರ್ಲಾಳೇ ಹಳೇ ಟವೆಲಿನಲ್ಲಿ ಸುತ್ತಿ ಕೊಟ್ಟಳು, ಒಡೆಯಬಾರದೆಂದು.

ಹಬ್ಬದ ದಿನ ಊಟಕ್ಕೆ ಎಂದಿನಂತೆ ಫರ್ನ್ ಬಂದಳು. ಟರ್ಕಿ ಕೋಳಿ, ಕುಂಬಳಕಾಯಿ ಪೈ, ಮೆಕ್ಕೆಜೋಳದ ಬ್ರೆಡ್ಡು ಎಲ್ಲ ಇದ್ದವು. ಕೂತ ಕೂಡಲೇ ಅವಳು ಶುರು ಮಾಡಿದಳು.

"ಅವನು ಆಮೇಲೆ ಬಳಿದಿದ್ದು. ಜಿಂಕೆ ಹೋಯ್ತು ಅಂತ ಗೊತ್ತಾದ್ಮೇಲೆ ಡಬ್ಬಿ ತಗೊಂಡು ಓಡಿದಾನೆ. ಪಿಟ್ಸ್‌ಬರ್ಗಲ್ಲಿ ಬಸ್ ಓಡಿಸ್ತಿದ್ದವನಿಗೆ ನಮ್ಮ ಕಾಡಿನ ವಿಷಯ ಏನು ಗೊತ್ತು?"

"ಜಾಗ ಮಾರಿದ್ದು ನೀನೇ ಅಲ್ವಾ ಫರ್ನ್?" ಅಂದಳು ಓಪಲ್.

"ಜಾಗ ಮಾರಿದೆ. ಜಿಂಕೆ ಮಾರ್ಲಿಲ್ಲ."

ರಾಯ್ಸ್ ನಕ್ಕ. "ಮಿಲ್ಲಲ್ಲಿ ಅವನಿಗೆ ಬಣ್ಣದ ಡಬ್ಬಿ ಅಂತ ಹೆಸರಿಟ್ಟಿದಾರೆ. ನಿನ್ನೆ ಅಂಗಡಿಗೆ ಹೋದ್ನಂತೆ. ಕ್ರಿಸ್‌ಮಸ್‌ಗೆ ಯಾವ ಬಣ್ಣ ಸರ್ ಅಂತ ಕೇಳಿದ್ರಂತೆ ಹುಡುಗ್ರು."

"ಅವ್ರೇನಂದ್ರು?" ವೇಲನ್ ಕೇಳಿದ.

"ಏನಂತಾನೆ? ಮೊಳೆ ತಗೊಂಡು ಹೋದ."

"ಅಣ್ಣಾ, ಆ ಬ್ರೆಡ್ಡು ಏನು ಮಾಡ್ತು ನಿಂಗೆ?" ಅಂದಳು ವಿಲ್ಲಾ. "ಹಿಟ್ಟು ಮಾಡಿಟ್ಟಿದೀಯ."

ವೇಲನ್ ತಟ್ಟೆ ಸರಿಸಿ ಎದ್ದ, ಸೌದೆ ತರುತ್ತೇನೆಂದ. ಸೌದೆ ಪೆಟ್ಟಿಗೆ ತುಂಬಿಯೇ ಇತ್ತು.

"ಬಿಡು," ಅಂದ ರಾಯ್ಸ್. "ಹುಡುಗನ ಕೊಂಬು ಕಿತ್ಕೊಂಡು ಹೋಗಿದಾರೆ, ಊಟ ಹೇಗೆ ಸೇರುತ್ತೆ? ಅವನು ಇಲ್ಲ ಅಂದ್ಮೇಲೆ ಇಲ್ಲ. ಮುಗೀತು."

ಫರ್ನ್ ಹೋದ ಮೇಲೆ ಓಪಲ್ ಪಾತ್ರೆ ಒರೆಸುವಾಗ ಮೆಲ್ಲಗೆ ಅಂದಳು: "ಗುಡ್ಡದ ಮೇಲೆ ಅಂತ ಎರಡು ಪದ ಬರೆದಿದ್ರೆ ಆಗ್ತಿತ್ತು ಮಾರ್ಲಾ. ಚೀಟೀಲಿ ಜಾಗವೂ ಇತ್ತು."

"ಯಾರಿಗೆ ಗೊತ್ತಿತ್ತು ಅತ್ತೆ."

"ನನಗೆ ಗೊತ್ತಿರಬೇಕಿತ್ತು. ಎರಡು ಕಡೆಯ ನೆಸ್ಟರ್‌ಗಳ ಸಾವಿನ ಮನೆಗೂ ಊಟ ಕಟ್ಕೊಂಡು ಹೋದವಳು ನಾನು."

ಲೆನ್ ಕೊವಾಲ್ಚಿಕ್ ಪ್ರತಿ ಗುರುವಾರ ಇವರ ಮನೆಗೆ ಮೊಟ್ಟೆಗೆ ಬರುತ್ತಿದ್ದ. ಹಿಂದಿನ ವಾರದ ಖಾಲಿ ರಟ್ಟಿನ ಡಬ್ಬಗಳನ್ನು ಒರೆಸಿ, ದಾರ ಕಟ್ಟಿ ವಾಪಸು ತರುವ ಗಿರಾಕಿ ಅವನೊಬ್ಬನೇ. ಹಬ್ಬ ಕಳೆದ ಮುಂದಿನ ಗುರುವಾರ ಅವನು ಬರಲಾರನೆಂದು ಮಾರ್ಲಾ ಅಂದುಕೊಂಡಿದ್ದಳು. ಬಂದ. ಜಗಲಿ ಹತ್ತಲಿಲ್ಲ, ಮೆಟ್ಟಿಲ ಕೆಳಗೇ ನಿಂತ.

"ಕೊಡ್ತೀರೋ ಇಲ್ವೋ ಗೊತ್ತಿರ್ಲಿಲ್ಲ," ಅಂದ.

"ಕೋಳಿಗಳಿಗೆ ಜಗಳ ಗೊತ್ತಿಲ್ಲ ಲೆನ್. ಇಡ್ತಾನೇ ಇವೆ."

ಅವನು ಅರ್ಧ ನಕ್ಕ. ಎತ್ತರದ ಆಳು, ಬಾಗಿದ ಬೆನ್ನು. ಹೊಸ ಕೈಗವಸು ಹಾಕಿದ್ದ. ಮಾರ್ಲಾ ನೋಡಿದ್ದು ನೋಡಿ ಅವನೇ ಹೇಳಿದ: "ಹಳೇ ಕೈಗವಸು ಹಾಳಾಯ್ತು. ಚಳಿಗೆ ಆ ಬಣ್ಣ ಒಣಗೋದೇ ಇಲ್ಲ. ಮೂರು ದಿನ ಆದ್ರೂ ಅಂಟ್ತಾನೇ ಇರುತ್ತೆ." ಆಮೇಲೆ ಕೇಳಿದ: "ನಾನು ಆಮೇಲೆ ಬಳಿದೆ ಅಂತ ನಿಮಗೂ ಅನ್ಸುತ್ತಾ?"

"ನನ್ನ ಮಗ ಇರ್ಲಿಲ್ಲ ಅಂದಿದಾನೆ."

"ಹೌದು," ಅಂದ ಲೆನ್. "ಮಗ ಅಂದ್ಮೇಲೆ ಹಾಗೇ ಅನ್ನಬೇಕು."

ಅವನು ಡಬ್ಬ ತೆಗೆದುಕೊಂಡು ಹೋದ. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಕೋಪದ ನಡಿಗೆಯಾಗಿರಲಿಲ್ಲ ಅದು. ಮೊಟ್ಟೆ ಒಡೆಯದಂತೆ, ಮಂಜು ಹೆಪ್ಪುಗಟ್ಟಿದ ದಾರಿಯಲ್ಲಿ ನಿಧಾನಕ್ಕೆ ಹೆಜ್ಜೆ ಇಡುತ್ತಿದ್ದ.

ಸೀಸನ್ ಮುಗಿದ ಮೇಲಿನ ಸೋಮವಾರ ಒಳ್ಳೆ ಬಿಸಿಲಿತ್ತು. ಮಾರ್ಲಾ ಸೋಡಾ ನೀರಿನ ತೊಟ್ಟಿ ಸಿದ್ಧ ಮಾಡಿ ಕೋಟುಗಳನ್ನು ಒಳಗೆ ತಂದಳು. ಮೊದಲು ರಾಯ್ಸ್‌ನದು, ಆಮೇಲೆ ವಿಲ್ಲಾಳದು. ವೇಲನ್‌ನ ಕೋಟು ಒಳಮೈ ಹೊರಗಾಗಿ ಹಾಗೇ ತೂಗುತ್ತಿತ್ತು. ಜೇಬು ನೋಡಲೆಂದು ತಿರುಗಿಸಿದಳು. ಬಲತೋಳಿನ ಹಿಂಭಾಗದಲ್ಲಿ, ಮೊಣಕೈಯಿಂದ ಹೆಗಲಿನ ತನಕ, ನೇರಳೆ ಬಣ್ಣ ಅಂಗೈಯಗಲ ಮೆತ್ತಿತ್ತು. ಅದರಲ್ಲಿ ಮರದ ತೊಗಟೆಯ ಗೆರೆಗಳು ಕೂಡ ಮೂಡಿದ್ದವು.

ಅವಳು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ತೊಟ್ಟಿಯ ನೀರು ತಣ್ಣಗಾಯಿತು.

ಓಪಲ್ ಕೋಲೂರುತ್ತ ಬಂದವಳು ನೋಡಿದಳು. ಬಹಳ ಹೊತ್ತು ನೋಡಿದಳು.

"ಸೋಡಾಕ್ಕೆ ಹೋಗಲ್ಲ ಅದು," ಅಂದಳು. "ಸೀಮೆಎಣ್ಣೆ ಹಾಕಿ ಉಜ್ಜಬೇಕು. ಷೆಡ್ಡಲ್ಲಿದೆ, ತರಲಾ?"

"ಬೇಡ ಅತ್ತೆ."

"ಮಾರ್ಲಾ. ಮಗು ಅದು."

"ಇಪ್ಪತ್ತು ವರ್ಷ ಅದಕ್ಕೆ."

"ತಪ್ಪು ನನ್ನಿಂದ ಆಗಿದ್ದು. ಆ ಹೆಸರು ಬರೆದವಳು ನಾನು. ನಾನು ಸರಿಯಾಗಿ ಬರೆದಿದ್ರೆ ಅವನು ಆ ಕಡೆ ಹೋಗ್ತಾನೇ ಇರ್ಲಿಲ್ಲ."

"ಹೆಸರಿನ ತಪ್ಪು ನಿಮ್ದಿರಬಹುದು. ತೋಳಿನ ತಪ್ಪು ಅವನದು."

"ಒಗೆದುಬಿಡು. ನಾನು ಯಾರಿಗೂ ಹೇಳಲ್ಲ."

"ಒಗೆದ್ರೆ ಆ ಮನುಷ್ಯ ಸುಳ್ಳುಗಾರ ಆಗ್ತಾನೆ ಅತ್ತೆ. ಈಗಾಗ್ಲೇ ಆಗಿದಾನೆ. ಖಾಯಂ ಆಗ್ತಾನೆ."

ಓಪಲ್ ಉಳಿದೆರಡು ಕೋಟುಗಳನ್ನು ತೊಟ್ಟಿಗೆ ಹಾಕಿ ಕೋಲಿನಿಂದಲೇ ಅದುಮಿದಳು. ಮಾರ್ಲಾ ಮಗನ ಕೋಟನ್ನು ಮತ್ತೆ ಅದೇ ಮೊಳೆಗೆ ಹಾಕಿದಳು. ಈ ಸಲ ಹೊರಮೈ ಹೊರಗಿತ್ತು.

ಸಂಜೆ ವೇಲನ್ ಟಯರು ಅಂಗಡಿಯ ಕೆಲಸದಿಂದ ಬಂದು ಜಗಲಿ ಹತ್ತಿದವನು ಅಲ್ಲೇ ನಿಂತ. ಒಳಗೆ ಬರಲು ಹೊತ್ತು ಹಿಡಿಯಿತು. ಮಾರ್ಲಾ ಬೇಯಿಸಿದ ಬೀನ್ಸ್ ಕಾಳು, ಬ್ರೆಡ್ಡು ಬಡಿಸಿ ಎದುರಿಗೆ ಕೂತಳು.

"ಮೊದ್ಲು ಊಟ ಮಾಡು."

"ಅಮ್ಮ."

"ಊಟ ಮಾಡು ಅಂದೆ."

ಅವನು ತಿಂದ. ಹಸಿದಿದ್ದ. ತಟ್ಟೆಯ ಕೊನೆ ರಸವನ್ನು ಬ್ರೆಡ್ಡಿನಲ್ಲಿ ಒರೆಸುವ ತನಕ ಅವಳು ಕಾದಳು.

"ಹೋಗುವಾಗ ಕತ್ತಲೆ," ಅಂದ ಅವನು. "ಏನೂ ಕಾಣ್ಲಿಲ್ಲ, ಆಣೆಗೂ. ಬೆಳಕಾದ್ಮೇಲೆ ಹೊಡೆದೆ. ಎಳ್ಕೊಂಡು ಬರುವಾಗ ಸುಸ್ತಾಯ್ತು, ಮರಕ್ಕೆ ಒರಗಿ ನಿಂತೆ. ಏನೋ ಅಂಟ್ತು ಅಂತ ನೋಡ್ತೀನಿ, ಸಾಲಿಗೆ ಸಾಲೇ ನೇರಳೆ."

"ಆಗ?"

"ಆಗ್ಲೇ ಸತ್ತಿತ್ತಮ್ಮ. ಸತ್ತಿದ್ದನ್ನ ಬಿಟ್ಟು ಬರ್ಲಾ?"

"ಜೇಬಲ್ಲಿ ಫೋನಿರ್ಲಿಲ್ವಾ?"

ಅವನು ಮೇಜಿನ ಮೇಲಿನ ಚೂರುಗಳನ್ನು ಬೆರಳಿಂದ ಗುಡ್ಡೆ ಮಾಡಿದ. "ಮನೆಗೆ ಬಂದ್ಮೇಲೆ ಹೇಳೋಣ ಅಂದ್ಕೊಂಡೆ. ಬಂದ್ರೆ ಅಪ್ಪ ಹೆಗಲ ಮೇಲೆ ಕೈ ಹಾಕಿದ್ರು. ಹಾಕಿ ಇಟ್ಟೇಬಿಟ್ರು. ಆಮೇಲೆ ಹೇಳೋಕಾಗ್ಲಿಲ್ಲ."

"ಕೋಟು ಯಾಕೆ ಬಿಸಾಡ್ಲಿಲ್ಲ?"

"ಬಿಸಾಡಿದ್ರೆ ಕೋಟೆಲ್ಲಿ ಅಂತ ನೀನು ಕೇಳ್ತಿದ್ದೆ."

"ಕೇಳ್ತಿದ್ದೆ."

"ಸೀಸನ್ ಮುಗಿದ್ರೆ ನೀನೇ ನೋಡ್ತೀಯ ಅಂತ ಗೊತ್ತಿತ್ತು," ಅಂದ ಅವನು, ತಲೆಯೆತ್ತದೆ.

ರಾಯ್ಸ್ ಬಾಗಿಲಲ್ಲಿ ನಿಂತಿದ್ದ, ಯಾವಾಗ ಬಂದನೋ. ಬೂಟು ಬಿಚ್ಚದೆ ಒಳಗೆ ಬಂದು ಸಿಂಕಿನ ಹತ್ತಿರ ನೀರು ಕುಡಿದ.

"ಶುಕ್ರವಾರ ಕೋರ್ಟು," ಅಂದ. "ಏನಂದಿದೀಯೋ ಅದನ್ನೇ ಅನ್ನು. ಬಾಯಿ ಮುಚ್ಕೊಂಡಿದ್ರೆ ಚಳಿಗಾಲ ಮುಗಿಯೋದ್ರೊಳಗೆ ಎಲ್ರೂ ಮರೀತಾರೆ."

"ನೀವು ಮರೀತೀರ," ಅಂದಳು ಮಾರ್ಲಾ. "ಲೆನ್ ದಿನಾ ಬೆಳಿಗ್ಗೆ ಎದ್ದು ಆ ಮರಗಳನ್ನ ನೋಡ್ತಾನೆ."

"ಅವನು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ. ಮೊಟ್ಟೆ ತಗೋತಾನೆ."

"ಮೊಟ್ಟೆ ತಗೊಳ್ಳೋವನಿಗೋಸ್ಕರ ಸ್ವಂತ ಮಗನ್ನ ಕಳ್ಳ ಅಂತ ಬರೆಸ್ತೀಯ?"

"ನಾನು ಏನೂ ಬರೆಸಲ್ಲ. ನಾನು ಕೋರ್ಟಿಗೂ ಬರಲ್ಲ. ಆ ಕೋಟನ್ನ ಒಗೆಯಲ್ಲ, ಅಷ್ಟೇ. ಒಗೀಬೇಕು ಅಂದ್ರೆ ತೊಟ್ಟಿ ಇದೆ, ಸೀಮೆಎಣ್ಣೆ ಇದೆ. ನೀವು ಒಗೀರಿ."

ರಾಯ್ಸ್ ಲೋಟವನ್ನು ಬೋರಲು ಹಾಕಿ ಹೊರಗೆ ಹೋದ. ಷೆಡ್ಡಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಮಾರ್ಲಾ, ವೇಲನ್ ಇಬ್ಬರೂ ಕೇಳಿದರು. ಸ್ವಲ್ಪ ಹೊತ್ತಿಗೆ ಅದೇ ಬಾಗಿಲು ಮುಚ್ಚಿತು. ಅವನು ಒಂದು ತೆಕ್ಕೆ ಸೌದೆ ತಂದು ಪೆಟ್ಟಿಗೆಗೆ ಹಾಕಿ, ಊಟ ಬಡಿಸು ಅಂದ.

ಆ ವಾರ ಮನೆಯಲ್ಲಿ ವಿಲ್ಲಾ ಒಬ್ಬಳೇ ಮಾತಾಡುತ್ತಿದ್ದಳು. ಜಗಲಿಯಲ್ಲಿ ಓಡಾಡುವವರೆಲ್ಲ ಆ ಮೊಳೆಯ ಮುಂದೆಯೇ ಹಾಯಬೇಕಿತ್ತು.

ಶುಕ್ರವಾರ ಬೆಳಿಗ್ಗೆ ವೇಲನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ರಾಯ್ಸ್ ತನ್ನ ಚರ್ಚಿನ ಕೋಟು ತೆಗೆದಿಟ್ಟಿದ್ದ, ಮಗನಿಗೆಂದು.

"ಇದು ಹಾಕ್ಕೋ. ನಿನಗಾಗುತ್ತೆ."

ವೇಲನ್ ಅದನ್ನು ಕುರ್ಚಿಯ ಬೆನ್ನಿಗೆ ಮರಳಿ ಹಾಕಿ, ಜಗಲಿಗೆ ಹೋಗಿ ಮೊಳೆಯಿಂದ ತನ್ನದನ್ನು ತೆಗೆದುಕೊಂಡ.

"ಅದು ಕೊಳಕಾಗಿದೆ," ಅಂದ ರಾಯ್ಸ್.

"ಗೊತ್ತಪ್ಪ."

ರಾಯ್ಸ್ ಗಾಡಿಯ ಕೀಲಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಆಮೇಲೆ, "ಗಾಜಿನ ಮೇಲೆ ಮಂಜು ಕೂತಿದೆ, ಕೆರೀಬೇಕು," ಅಂದು ಇಳಿದು ಹೋದ. ಇಬ್ಬರೂ ಒಂದೊಂದು ಕಡೆ ನಿಂತು ಕೆರೆಯುವುದನ್ನು ಮಾರ್ಲಾ ಕಿಟಕಿಯಿಂದ ನೋಡಿದಳು. ವೇಲನ್ ಬಲಗೈ ಆಡಿಸಿದಾಗಲೆಲ್ಲ ಆ ನೇರಳೆ ಬಣ್ಣ ಕಾಣುತ್ತಿತ್ತು.

ಮಧ್ಯಾಹ್ನ ವಾಪಸು ಬಂದರು. ರಾಯ್ಸ್ ಹೇಳಿದ್ದು ಇಷ್ಟು: ಜಡ್ಜು ಹೆಂಗಸು, ಸಾವಧಾನವಾಗಿ ಕೇಳಿದಳು. ದಾರಿ ತಪ್ಪಿ ಹೋದದ್ದನ್ನು ನಂಬಿದಳು, ನೋಡಿಯೂ ಹೊತ್ತು ತಂದದ್ದನ್ನು ಬಿಡಲಿಲ್ಲ. ಕೊಂಬು ಇಲಾಖೆಗೆ. ಮುಂದಿನ ಎರಡು ಸೀಸನ್ ವೇಲನ್‌ಗೆ ಲೈಸೆನ್ಸಿಲ್ಲ. ಪೇಪರಲ್ಲಿ ಹೆಸರು ಬರುತ್ತದೆ.

"ಲೆನ್?" ಕೇಳಿದಳು ಮಾರ್ಲಾ.

"ಇದ್ದ. ಇವನು ಎದ್ದು ನಿಂತು, ಅವರು ಮೊದಲೇ ಬಳಿದಿದ್ರು, ನಾನು ಸುಳ್ಳು ಹೇಳಿದೆ ಅಂತ ತೋಳು ತೋರಿಸಿದ. ಕೋರ್ಟಲ್ಲಿ ಮಿಲ್ಲಿನವರೂ ಇದ್ರು." ರಾಯ್ಸ್ ಬೂಟಿನ ದಾರ ಬಿಚ್ಚುತ್ತಿದ್ದ. "ನನ್ನ ಬಾಯಲ್ಲಾಗಿದ್ರೆ ಬರ್ತಿರ್ಲಿಲ್ಲ ಆ ಮಾತು," ಅಂದ, ಬೂಟಿಗೇ ಹೇಳುವವನ ಹಾಗೆ.

ಆ ವಾರಾಂತ್ಯ ಮಾರ್ಲಾ ಕೋಟು ಒಗೆದಳು. ರಕ್ತ ಹೋಯಿತು, ಬಣ್ಣ ಹೋಗಲಿಲ್ಲ. ಸೀಮೆಎಣ್ಣೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ, ವೇಲನ್ ಕೂಡ ಕೇಳಲಿಲ್ಲ.

ಗುರುವಾರ ಬಂತು. ಕತ್ತಲಾಗುತ್ತ ಬಂದರೂ ಲೆನ್ ಬರಲಿಲ್ಲ. ಹಿಮ ಬೀಳುತ್ತಿತ್ತು. ಮೊಟ್ಟೆಯ ಡಬ್ಬ ಮೇಜಿನ ಮೇಲೇ ಇತ್ತು. ಓಪಲ್ ಒಲೆಯ ಪಕ್ಕ ಕಂಬಳಿ ಹೊದ್ದು ಕೂತವಳು ಡಬ್ಬದ ಕಡೆ ನೋಡಿದಳು, ಮೊಮ್ಮಗನ ಕಡೆ ನೋಡಿದಳು. ಆ ಹಳ್ಳದ ಪಕ್ಕದ ನೆಲವನ್ನು ಅವಳು ಬದುಕಿನುದ್ದಕ್ಕೂ ಏನೇನೋ ಹೆಸರಿಂದ ಕರೆದಿದ್ದಳು. ಫರ್ನ್‌ಳ ತವರಿನ ಹೆಸರಿಂದ, ಅದಕ್ಕೂ ಹಿಂದೆ ಇದ್ದವರ ಹೆಸರಿಂದ.

"ಲೋ ವೇಲನ್," ಅಂದಳು. "ಆ ಮೊಟ್ಟೆ ಕೊವಾಲ್ಚಿಕ್ ಜಾಗಕ್ಕೆ ಕೊಟ್ಟು ಬಾ."

ಮಾರ್ಲಾ ಹಿಟ್ಟಿನ ಕೈ ಹಾಗೇ ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಓಪಲ್ ಕಂಬಳಿಯ ಅಂಚು ಸರಿಪಡಿಸಿಕೊಳ್ಳುತ್ತಿದ್ದಳು.

ವೇಲನ್ ಕೋಟು ಹಾಕಿಕೊಂಡು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದ. ಹಳ್ಳದ ಕಡೆಯಿಂದ ಹೋದರೆ ಹತ್ತಿರ. ಅವನು ರಸ್ತೆಯ ಕಡೆ ಇಳಿದ, ಮುಂಬಾಗಿಲಿಗೆ ಹೋಗುವ ದಾರಿ ಅದು.